ಸಲಮಾಂಕಾದಲ್ಲಿ ಸ್ಪ್ಯಾನಿಷ್ ಕಲಿಯಲು ಹೊರಟವರಿಗೆ

ಮೊದಲು ಎ1, ಅಂದರೆ ಭಾಷೆ ಕಲಿಕೆಯ ಆರು ಮಟ್ಟಗಳಲ್ಲಿ ಮೊದಲನೆಯದು, ಅದನ್ನು ಮುಗಿಸಿ, ಆಮೇಲೆ ಟಿಕೆಟ್ ತೆಗೆಯಿರಿ. ಸ್ಪೇನ್‌ಗೆ ಹೋಗಿ ಭಾಷೆ ಕಲಿಯಬೇಕು ಅಂತ ನನ್ನ ಹತ್ತಿರ ಬರುವ ಎಲ್ಲರಿಗೂ ನಾನು ಹೇಳುವ ಮೊದಲ ಮಾತು ಇದೇ. ನಾನು ಸಾಗರದವಳು. ಸ್ಪೇನ್ ದೇಶದ ಸಲಮಾಂಕಾದಲ್ಲಿ ಓದಿದವಳು, ಈಗ ಬೆಂಗಳೂರಿನಲ್ಲಿ ಸಂಜೆ ಹೊತ್ತು ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಒಂದರಿಂದ ನೂರು ಎಣಿಸುವುದು, ಗಂಟೆ ಎಷ್ಟಾಯಿತು ಅಂತ ಹೇಳುವುದು, ಹೆಸರು ಊರು ಕೇಳುವುದು, ಇದಕ್ಕೆಲ್ಲ ಅಷ್ಟು ದೂರ ಹೋಗಬೇಕಾಗಿಲ್ಲ. ಇಲ್ಲೇ ಮೂರ್ನಾಲ್ಕು ತಿಂಗಳು ಕೂತು ಕಲಿಯಬಹುದು. ಅಲ್ಲಿ ಒಂದೊಂದು ವಾರಕ್ಕೂ ಯೂರೋದಲ್ಲಿ ದುಡ್ಡು ಕೊಡುತ್ತೀರಿ. ಆ ವಾರಗಳು ಬಾಯಿಬಿಟ್ಟು ಮಾತಾಡುವುದಕ್ಕೆ ಸಿಗಲಿ. ಎ2 ಕೂಡ ಅರ್ಧ ಆಗಿದ್ದರೆ ಇನ್ನೂ ಒಳ್ಳೆಯದು.

ಎರಡನೆಯ ಮಾತು: ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದಲೇ ಸ್ಪ್ಯಾನಿಷ್‌ಗೆ ಹೋಗಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾಕೆ ಈ ಊರು

ಮಡ್ರಿಡ್, ಬಾರ್ಸಿಲೋನಾ ಬಿಟ್ಟು ಸಲಮಾಂಕಾ ಯಾಕೆ ಅಂತ ಕೇಳುತ್ತಾರೆ. ಒಂದು, ಊರು ಚಿಕ್ಕದು. ಜನಸಂಖ್ಯೆ ಒಂದೂವರೆ ಲಕ್ಷ ಮುಟ್ಟುವುದಿಲ್ಲ. ಹಳೇ ಊರಿನ ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದುಕೊಂಡು ಹೋಗಬಹುದು. ನಡೆದಾಡುವ ಊರಿನಲ್ಲಿ ಅದೇ ಬೇಕರಿ, ಅದೇ ಔಷಧಿ ಅಂಗಡಿ, ಅದೇ ಮುಖಗಳು ಮತ್ತೆ ಮತ್ತೆ ಸಿಗುತ್ತವೆ. ಎರಡನೇ ವಾರಕ್ಕೆ ಅವರೇ ಮಾತಾಡಿಸಲು ಶುರು ಮಾಡುತ್ತಾರೆ. ದೊಡ್ಡ ಊರಿನಲ್ಲಿ ಇದು ಕಷ್ಟ. ಬಾರ್ಸಿಲೋನಾದಲ್ಲಿ ಇನ್ನೊಂದು ವಿಷಯ, ಅಲ್ಲಿ ಕ್ಯಾಟಲನ್ ಭಾಷೆಯೂ ಇದೆ. ಅದು ಆ ನಾಡಿನ ಸ್ವಂತ ಭಾಷೆ, ಕಲಿಯುವಂಥದ್ದೇ. ಆದರೆ ಸ್ಪ್ಯಾನಿಷ್‌ನಲ್ಲಿ ಇನ್ನೂ ಅಂಬೆಗಾಲಿಡುವವರಿಗೆ ಎರಡೂ ಒಟ್ಟಿಗೆ ಕಿವಿಗೆ ಬಿದ್ದರೆ ಗೊಂದಲ ಜಾಸ್ತಿ.

ಇನ್ನೊಂದು ಕಾರಣ ವಿಶ್ವವಿದ್ಯಾಲಯ. ಲಿಯೋನ್ ರಾಜ ಒಂಬತ್ತನೇ ಅಲ್ಫಾನ್ಸೊ 1218ರಲ್ಲಿ ಕಟ್ಟಿದ್ದು. ಸ್ಪೇನ್‌ನಲ್ಲಿ ಇವತ್ತಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲಿ ಇದೇ ಅತಿ ಹಳೆಯದು. 1492ರಲ್ಲಿ ಸ್ಪ್ಯಾನಿಷ್ ಭಾಷೆಯ ವ್ಯಾಕರಣ ಬರೆದ ಅಂತೋನಿಯೊ ದೆ ನೆಬ್ರಿಹಾ ಇಲ್ಲೇ ಓದಿ ಇಲ್ಲೇ ಪಾಠ ಹೇಳಿದವರು. ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವುದು 1929ರಿಂದ ನಡೆದುಬಂದಿದೆ. ಹಾಗಾಗಿ ತಪ್ಪು ತಪ್ಪಾಗಿ ಮಾತಾಡುವ ಹೊರಗಿನವರು ಈ ಊರಿಗೆ ಹೊಸಬರಲ್ಲ. ಅಂಗಡಿಯವರು ತಾಳ್ಮೆಯಿಂದ ಕಾಯುತ್ತಾರೆ, ನಿಮ್ಮ ವಾಕ್ಯ ಮುಗಿಯುವ ತನಕ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಯಾವಾಗ ಹೋಗಬೇಕು? ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಇಲ್ಲವೇ ಏಪ್ರಿಲ್‌ನಿಂದ ಜೂನ್. ಆಗ ಸ್ಪೇನ್‌ನ ವಿದ್ಯಾರ್ಥಿಗಳೇ ಊರು ತುಂಬಿರುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಅವರೆಲ್ಲ ತಮ್ಮ ಊರಿಗೆ ಹೋಗಿಬಿಡುತ್ತಾರೆ. ತರಗತಿಯಲ್ಲಿ ವಿದೇಶಿಯರು, ಬೀದಿಯಲ್ಲಿ ಪ್ರವಾಸಿಗಳು. ರಜೆ ಸಿಗುವುದೇ ಬೇಸಿಗೆಯಲ್ಲಿ ಅನ್ನುವವರು ಹೋಗಲಿ, ಆದರೆ ಮಾತಿಗೆ ಜನ ಹುಡುಕಲು ಇನ್ನಷ್ಟು ಓಡಾಡಬೇಕು. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಸ್ಪೇನ್ ಅಂದರೆ ಬಿಸಿಲು ಅಂದುಕೊಂಡು ತೆಳು ಜಾಕೆಟ್ ಒಯ್ಯಬೇಡಿ.

ವೀಸಾ ಮತ್ತು ಶಾಲೆ

ಕೋರ್ಸ್ 90 ದಿನದ ಒಳಗಿದ್ದರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಅಲ್ಪಾವಧಿ ವೀಸಾ, ಸಾಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವ್ಯಾಪ್ತಿಯ ಪ್ರಯಾಣ ವಿಮೆ ಬೇಕು. ಅರ್ಜಿ ಕೊಡುವುದು ಸ್ಪೇನ್ ಪರವಾಗಿ ಅರ್ಜಿ ತೆಗೆದುಕೊಳ್ಳುವ ಬಿಎಲ್‌ಎಸ್ ಕೇಂದ್ರದಲ್ಲಿ, ಅದು ಬೆಂಗಳೂರಿನಲ್ಲೂ ಇದೆ. ಬೇಸಿಗೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಬೇಗ ನೋಡಿಕೊಳ್ಳಿ.

90 ದಿನ ದಾಟಿದರೆ ವಿದ್ಯಾರ್ಥಿ ವೀಸಾ ಬೇಕು. ಇಲ್ಲಿ ಕಾಗದಪತ್ರ ಜಾಸ್ತಿ. ಶಾಲೆಯ ಪ್ರವೇಶ ಪತ್ರ, ಆರೋಗ್ಯ ವಿಮೆ, ಖರ್ಚಿಗೆ ದುಡ್ಡಿದೆ ಅನ್ನುವುದಕ್ಕೆ ಬ್ಯಾಂಕ್ ದಾಖಲೆ. ಸ್ಪೇನ್ ಸರ್ಕಾರ ಇದನ್ನು ಇಪ್ರೆಮ್ ಅನ್ನುವ ಮಾಪಕದ ಮೇಲೆ ಲೆಕ್ಕ ಹಾಕುತ್ತದೆ, 2025ರಲ್ಲಿ ಅದು ತಿಂಗಳಿಗೆ 600 ಯೂರೋ. ಆರು ತಿಂಗಳು ಮೀರಿದರೆ ಪೊಲೀಸ್ ಕ್ಲಿಯರೆನ್ಸ್, ವೈದ್ಯರ ಪ್ರಮಾಣಪತ್ರವೂ ಬೇಕು. ನಮ್ಮ ದಾಖಲೆಗಳಿಗೆ ದಾಖಲೆ ಅಸಲಿ ಅಂತ ಹೊರದೇಶಕ್ಕೆ ತಿಳಿಸುವ, ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ ಹಾಕಿಸಿ, ಸ್ಪ್ಯಾನಿಷ್‌ಗೆ ಅನುವಾದ ಮಾಡಿಸಬೇಕು. ಮೊದಲು ಅಪೊಸ್ಟೀಲ್, ಆಮೇಲೆ ಅನುವಾದ. ಹೀಗೆ ಮಾಡಿದರೆ ಮುದ್ರೆಯೂ ಅನುವಾದದಲ್ಲಿ ಸೇರಿಕೊಳ್ಳುತ್ತದೆ. ವಿದ್ಯಾರ್ಥಿ ವೀಸಾದ ನಿಯಮಗಳು 2025ರ ಮೇ ತಿಂಗಳಲ್ಲಿ ಬದಲಾಗಿವೆ, ಆದ್ದರಿಂದ ಹಳೇ ಸಲಹೆ ನಂಬಬೇಡಿ, ಕಾನ್ಸುಲೇಟ್‌ನ ಈಗಿನ ಪಟ್ಟಿಯನ್ನೇ ನೋಡಿ. ಆರು ತಿಂಗಳಿಗಿಂತ ಹೆಚ್ಚು ಇರುವವರು ಸ್ಪೇನ್ ಮುಟ್ಟಿದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು.

ಶಾಲೆ ಆರಿಸುವಾಗ, ಸ್ಪ್ಯಾನಿಷ್ ಭಾಷೆಯನ್ನು ಹೊರನಾಡುಗಳಲ್ಲಿ ಹರಡುವ ಸ್ಪೇನ್ ಸರ್ಕಾರದ ಸಂಸ್ಥೆ ಇನ್ಸ್ತಿತುತೊ ಸೆರ್ವಾಂತೆಸ್‌ನ ಮಾನ್ಯತೆ ಇದೆಯಾ ಅಂತ ಮೊದಲು ನೋಡಿ. ಆಮೇಲೆ ಮೂರು ಪ್ರಶ್ನೆ ಕೇಳಿ, ಉತ್ತರ ಇಮೇಲ್‌ನಲ್ಲೇ ಬರಲಿ. ಒಂದು ತರಗತಿಯಲ್ಲಿ ಹೆಚ್ಚೆಂದರೆ ಎಷ್ಟು ಜನ? ನನ್ನ ಮಟ್ಟಕ್ಕೆ ಜನ ಸಾಲದಿದ್ದರೆ ಏನು ಮಾಡುತ್ತೀರಿ? ವೀಸಾ ಸಿಗದಿದ್ದರೆ ಎಷ್ಟು ದುಡ್ಡು ವಾಪಸ್? ಹತ್ತು ಜನರಿಗಿಂತ ಹೆಚ್ಚಿರುವ ತರಗತಿಯಲ್ಲಿ ನಿಮಗೆ ಮಾತಾಡುವ ಸರದಿ ಕಡಿಮೆ ಬರುತ್ತದೆ. ಸಾಮಾನ್ಯವಾಗಿ ವಾರಕ್ಕೆ 20 ತಾಸು, ಅಂದರೆ ದಿನಕ್ಕೆ ನಾಲ್ಕು, ಬೆಳಗ್ಗೆ ಒಂಬತ್ತಕ್ಕೆ ಶುರು. ಕೆಲವರು 30 ತಾಸಿನ ಕೋರ್ಸ್ ತೆಗೆದುಕೊಳ್ಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮಧ್ಯಾಹ್ನ ಬಿಡುವಿರಬೇಕು, ಊರಿನಲ್ಲಿ ಓಡಾಡಬೇಕು.

ಸೋಮವಾರ ಮಟ್ಟ ನೋಡುವ ಪರೀಕ್ಷೆ ಇರುತ್ತದೆ. ನಮ್ಮವರು ಬರವಣಿಗೆಯಲ್ಲಿ ಚೆನ್ನಾಗಿ ಅಂಕ ತೆಗೆದು ಮೇಲಿನ ತರಗತಿಗೆ ಹೋಗಿಬಿಡುತ್ತಾರೆ, ಅಲ್ಲಿ ಬಾಯಿ ಬರುವುದಿಲ್ಲ. ಅಂಥವರು ಮಂಗಳವಾರವೇ ಕೇಳಿ ಒಂದು ಮಟ್ಟ ಕೆಳಗಿಳಿಯಲಿ. ಅದರಲ್ಲಿ ಮರ್ಯಾದೆ ಪ್ರಶ್ನೆ ಏನೂ ಇಲ್ಲ.

ಉಳಿಯುವುದು, ಉಣ್ಣುವುದು

ವಿಮಾನ ಇಳಿಯುವುದು ಮಡ್ರಿಡ್‌ನಲ್ಲಿ. ಬಾರಾಹಾಸ್ ವಿಮಾನ ನಿಲ್ದಾಣದಿಂದಲೇ ಸಲಮಾಂಕಾಕ್ಕೆ ನೇರ ಬಸ್ಸು ಸಿಗುತ್ತದೆ, ಸುಮಾರು ಮೂರು ತಾಸು. ರೈಲು ಬೇಕಾದರೆ ಚಮಾರ್ತಿನ್ ನಿಲ್ದಾಣಕ್ಕೆ ಹೋಗಬೇಕು. ದೊಡ್ಡ ಸೂಟ್‌ಕೇಸ್ ಇರುವವರಿಗೆ ಬಸ್ಸೇ ವಾಸಿ.

ಮೊದಲ ತಿಂಗಳು ಯಾರದಾದರೂ ಮನೆಯಲ್ಲಿ ಇರಿ. ಶಾಲೆಯವರೇ ಮನೆ ಹುಡುಕಿಕೊಡುತ್ತಾರೆ. ನಾನಿದ್ದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ. ನನ್ನನ್ನು 'ಇಹಾ' ಅನ್ನುತ್ತಿದ್ದರು, ಮಗಳೇ ಅಂತ. ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂತರೆ ಟಿವಿಯಲ್ಲಿ ಸುದ್ದಿ, ಹವಾಮಾನ, ಆಮೇಲೆ ಮೇಲಿನ ಮನೆಯವರ ಸಮಾಚಾರ. ಭೂತಕಾಲದ ಎರಡು ರೂಪಗಳು ನನಗೆ ಗಟ್ಟಿಯಾಗಿದ್ದು ಆ ಮೇಜಿನಲ್ಲಿ. ಅವರು ತಮ್ಮ ಹಳ್ಳಿ ಹೇಗಿತ್ತು ಅಂತ ಹೇಳುವಾಗ ಒಂದು ರೂಪ, ಒಂದು ದಿನ ಏನಾಯ್ತು ಅಂತ ಹೇಳುವಾಗ ಇನ್ನೊಂದು. ಕಥೆ ಕೇಳುತ್ತಾ ಕೇಳುತ್ತಾ ವ್ಯತ್ಯಾಸ ಕಿವಿಗೇ ಗೊತ್ತಾಗತೊಡಗಿತು.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. 'ನಾನು ವೆಹೆತಾರಿಯಾನಾ' ಅಂದರೆ ಸಾಲದು. ಮಾಂಸ ಬೇಡ ಅಂದರೆ ಹಂದಿಯ ಖಾಮೋನ್ ಚೂರುಗಳನ್ನೋ, ಟ್ಯೂನಾ ಮೀನನ್ನೋ ಹಾಕಿ ಕೊಡುವವರಿದ್ದಾರೆ, ಅದು ಮಾಂಸದ ಲೆಕ್ಕಕ್ಕೆ ಬಾರದು ಅನ್ನುವ ಭಾವನೆಯಲ್ಲಿ. ಪೂರ್ತಿ ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: 'ನೊ ಕೋಮೊ ಕಾರ್ನೆ, ನಿ ಖಾಮೋನ್, ನಿ ಪೆಸ್ಕಾದೊ, ನಿ ಅತೂನ್.' ಮಾಂಸ, ಹಂದಿ, ಮೀನು, ಟ್ಯೂನಾ ಯಾವುದೂ ತಿನ್ನುವುದಿಲ್ಲ ಅಂತ. ಬೇಳೆಕಾಳಿನ ಸಾರಿನಲ್ಲಿ ಚೊರೀಸೊ ಸಾಸೇಜ್ ಇರುವುದು ಮಾಮೂಲು, ತರಕಾರಿ ಸೂಪಿಗೂ ಮೂಳೆ ಹಾಕಿರಬಹುದು, ಕೇಳಿಯೇ ಚಮಚ ಎತ್ತಿ. ಊರಿನ ಹೆಮ್ಮೆಯ ಓರ್ನಾಸೊ ಕಡುಬಿನ ಒಳಗಿರುವುದೆಲ್ಲ ಹಂದಿ ಮತ್ತು ಮೊಟ್ಟೆ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೋರ್ತಿಯಾ ಎಲ್ಲೆಲ್ಲೂ ಸಿಗುತ್ತದೆ. ತಿನ್ನದವರಿಗೆ ಬೆಳಗಿನ ತಿಂಡಿ ಸುಲಭ: ಸುಟ್ಟ ಬ್ರೆಡ್, ಮೇಲೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಉಪ್ಪು. ಇದನ್ನೆಲ್ಲ ಮನೆ ಕೇಳುವ ಅರ್ಜಿಯಲ್ಲೇ ಬರೆದು ಕಳಿಸಿ.

ಎರಡನೇ ತಿಂಗಳಿಂದ ಅಡುಗೆಮನೆ ಇರುವ ಹಂಚಿಕೆಯ ಮನೆಗೆ ಹೋದರೆ ನಮ್ಮ ಊಟ ಮಾಡಿಕೊಳ್ಳಬಹುದು. ಬಾಡಿಗೆಗೆ ಹಿಡಿಯುವ ಮುಂಚೆ ಮನೆ ಕಣ್ಣಾರೆ ನೋಡಿ, ನೋಡದೆ ಮುಂಗಡ ಕಳಿಸಬೇಡಿ. 'ಕಾಲೆಫಾಕ್ಸಿಯೊನ್' ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಿ. ಮನೆ ಬೆಚ್ಚಗಿಡುವ ಖರ್ಚು ಚಳಿಗಾಲದಲ್ಲಿ ಸಣ್ಣದಲ್ಲ. ಸಲಮಾಂಕಾದ ಪಕ್ಕದಲ್ಲೇ ಲಾ ಅರ್ಮೂನ್ಯಾ ಅನ್ನುವ ಸೀಮೆ ಇದೆ, ಅಲ್ಲಿನ ಲೆಂತೆಹಾ ಕಾಳಿಗೆ ಸ್ಪೇನ್ ತುಂಬ ಹೆಸರು. ಬೆಂದರೂ ಒಡೆಯುವುದಿಲ್ಲ, ಬೆಣ್ಣೆಯ ಹಾಗಿರುತ್ತದೆ. ನಮ್ಮ ಸಾರಿನ ಪುಡಿ ಹಾಕಿ ನೋಡಿ. ಸಾರಿನ ಪುಡಿ, ಇಂಗು ಒಯ್ಯಬಹುದು. ತುಪ್ಪ, ಪೇಡ, ಹಾಲಿನ ಸಿಹಿ ಯಾವುದನ್ನೂ ಐರೋಪ್ಯ ಒಕ್ಕೂಟಕ್ಕೆ ಚೀಲದಲ್ಲಿ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ.

ಕನ್ನಡ ಇಟ್ಟುಕೊಂಡು ಕಲಿಯಿರಿ

ನಾವು ಕೋರ್ಸ್‌ಗಳಲ್ಲಿ ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಪುಸ್ತಕಗಳಿಂದ. ಅದರಿಂದ ಅನಾವಶ್ಯಕ ಕಷ್ಟ. 'ಮೆ ಗುಸ್ತಾ ಎಲ್ ಕಫೆ' ಅನ್ನುವುದನ್ನು ಅರ್ಥ ಮಾಡಿಸಲು ಇಂಗ್ಲಿಷ್ ಪುಸ್ತಕ ಎರಡು ಪುಟ ವಿವರಿಸುತ್ತದೆ. ಕನ್ನಡದಲ್ಲಿ ನಾವು ದಿನಾ ಹೇಳುವುದೇ ಅದು: ನನಗೆ ಕಾಫಿ ಇಷ್ಟ. 'ಮೆ ದುಯೆಲೆ ಲಾ ಕಬೇಸಾ' ಅಂದರೆ ನನಗೆ ತಲೆ ನೋಯುತ್ತೆ, ಅಷ್ಟೇ. 'ನಾನು' ಹೇಳದೆ ಬರೀ 'ಬರ್ತೀನಿ' ಅನ್ನುತ್ತೇವಲ್ಲ, ಅವರೂ ಬರೀ 'ಬೆಂಗೊ' ಅನ್ನುತ್ತಾರೆ. ಕ್ರಿಯಾಪದದ ಬಾಲದಲ್ಲೇ ಯಾರು ಅಂತ ಗೊತ್ತಾಗುತ್ತದೆ. ಅವರ ತ, ದ ನಮ್ಮ ತ, ದಗಳೇ. ಇಂಗ್ಲಿಷ್‌ನ ಟ, ಡ ತಂದು ಹಾಕಬೇಡಿ. ನೀನು, ನೀವು ಎರಡೂ ಇವೆ, 'ತು' ಮತ್ತು 'ಉಸ್ತೆದ್' ಅಂತ. ಆದರೆ ಬಳಕೆ ನಮ್ಮ ಹಾಗಲ್ಲ. ಸ್ಪೇನ್‌ನಲ್ಲಿ ಮೇಷ್ಟ್ರಿಗೂ ಅಂಗಡಿಯವರಿಗೂ 'ತು' ಅನ್ನುವುದೇ ಹೆಚ್ಚು. ನಮಗೆ ಮೊದಮೊದಲು ಬಾಯಿ ಬರುವುದಿಲ್ಲ, ಆದರೂ ರೂಢಿ ಮಾಡಿಕೊಳ್ಳಿ. ತುಂಬಾ ವಯಸ್ಸಾದವರಿಗೆ 'ಉಸ್ತೆದ್' ಅಂತಲೇ ಶುರು ಮಾಡಿ, ಬೇಡ ಅಂದರೆ ಅವರೇ ಹೇಳುತ್ತಾರೆ.

ಕನ್ನಡ ನೆರವಿಗೆ ಬಾರದ ಕಡೆಯೂ ಇವೆ. ನಮ್ಮಲ್ಲಿ ಮೇಜು, ಕುರ್ಚಿಗೆ ಗಂಡು ಹೆಣ್ಣು ಇಲ್ಲ. ಅಲ್ಲಿ ಎಲ್ಲಕ್ಕೂ ಇದೆ. ಪದ ಬರೆದುಕೊಳ್ಳುವಾಗ 'ಮೆಸಾ' ಅಂತ ಬರೆಯಬೇಡಿ, 'ಲಾ ಮೆಸಾ' ಅಂತಲೇ ಬರೆಯಿರಿ. 'ಸೆರ್' ಮತ್ತು 'ಎಸ್ತಾರ್' ಎರಡಕ್ಕೂ ನಮ್ಮಲ್ಲಿ 'ಇರು' ಒಂದೇ ಸಾಕು, ಎಷ್ಟೋ ಸಲ ಅದೂ ಬೇಡವಾದ್ದರಿಂದ ಅಲ್ಲಿ ಎಡವುತ್ತೇವೆ. ಇದಕ್ಕೆ ಅಭ್ಯಾಸ ಬಿಟ್ಟರೆ ಬೇರೆ ಮದ್ದಿಲ್ಲ. ಇನ್ನೊಂದು, ಸಲಮಾಂಕಾದಲ್ಲಿ 'ಗ್ರಾಸಿಯಾಸ್', ಅಂದರೆ ಧನ್ಯವಾದ, ಅನ್ನುವುದನ್ನು ನಾಲಿಗೆ ಹಲ್ಲಿನ ನಡುವೆ ತಂದು 'ಗ್ರಾಥಿಯಾಸ್' ಅನ್ನುವ ಹಾಗೆ ಉಚ್ಚರಿಸುತ್ತಾರೆ. ಮೆಕ್ಸಿಕೊ, ಕೊಲಂಬಿಯಾ ಕಡೆ ಹಾಗಿಲ್ಲ. ಕೆಲಸಕ್ಕೆ ಲ್ಯಾಟಿನ್ ಅಮೆರಿಕದ ಜನರ ಜೊತೆ ಮಾತಾಡುವವರು ನೀವಾದರೆ 'ಸ' ಅಂತಲೇ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕಿವಿಗೆ ಮಾತ್ರ ಎರಡೂ ಗೊತ್ತಿರಲಿ.

ಮಧ್ಯಾಹ್ನದ ಮೇಲೆ ಏನು ಮಾಡಬೇಕು

ಕಲಿಕೆ ನಿಜವಾಗಿ ನಡೆಯುವುದು ಇಲ್ಲಿ. ತರಗತಿ ಒಂದು ಗಂಟೆಗೆ ಬಿಡುತ್ತದೆ. ಆಗ ಜೊತೆಯವರೆಲ್ಲ ಸೇರಿ ಇಂಗ್ಲಿಷ್‌ನಲ್ಲಿ ಹರಟಲು ಶುರು ಮಾಡಿದರೆ ಬೆಳಗಿನ ಪಾಠ ಅಲ್ಲಿಗೇ ಮುಗಿಯಿತು. ನೀವು ನೇರ ಮಾರುಕಟ್ಟೆಗೆ ಹೋಗಿ. ಊರಿನ ದೊಡ್ಡ ಚೌಕ ಪ್ಲಾಸಾ ಮಯೋರ್ ಪಕ್ಕದಲ್ಲೇ ಇದೆ, ಮೆರ್ಕಾದೊ ಸೆಂತ್ರಾಲ್. ಮಧ್ಯಾಹ್ನ ಬಾಗಿಲು ಹಾಕುವ ಮುಂಚೆ ತಲುಪಬೇಕು.

ಅಲ್ಲಿ ಸಾಲು ನಿಲ್ಲುವುದಿಲ್ಲ. ಅಂಗಡಿ ಮುಂದೆ ನಾಲ್ಕೈದು ಜನ ಹೇಗೆ ಬೇಕೋ ಹಾಗೆ ನಿಂತಿರುತ್ತಾರೆ. ಹೊಸದಾಗಿ ಬಂದವರು ಜೋರಾಗಿ ಕೇಳಬೇಕು: 'ಕಿಯೆನ್ ಎಸ್ ಎಲ್ ಉಲ್ತಿಮೊ?' ಕೊನೆಯವರು ಯಾರು? ಚೀಲ ಹಿಡಿದ ಒಬ್ಬ ಅಜ್ಜಿ ಕೈಯೆತ್ತಿ 'ಸೆರ್ವಿದೋರಾ' ಅನ್ನುತ್ತಾರೆ, ನಾನೇ ಅಂತ. ಆಯ್ತು, ಅವರಾದ ಮೇಲೆ ನೀವು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಬಂದು ಅದೇ ಪ್ರಶ್ನೆ ಕೇಳುತ್ತಾರೆ, ಈಗ ನೀವು 'ಯೊ', ನಾನು, ಅನ್ನಬೇಕು. ನಿಮ್ಮ ಸರದಿ ಬಂದಾಗ ಅಂಗಡಿಯಾಕೆ 'ಕೆ ತೆ ಪೊಂಗೊ?' ಅನ್ನುತ್ತಾಳೆ. ಏನು ಹಾಕಲಿ ಅಂತ. ನಮ್ಮ ಹಾಗೆ ಟೊಮೆಟೊ ಒತ್ತಿ ನೋಡಿ ಆರಿಸುವಂತಿಲ್ಲ, ಮುಟ್ಟುವುದೇ ತಪ್ಪು. ಅವರೇ ಆರಿಸಿ ಕೊಡುತ್ತಾರೆ. ಹಾಗಾಗಿ ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಅರ್ಧ ಕಿಲೋ ಟೊಮೆಟೊ, ತೀರಾ ಹಣ್ಣಾಗಿದ್ದು ಬೇಡ, ನಾಳೆಗೆ ಸಲಾಡ್ ಮಾಡಬೇಕು. 'ಆಲ್ಗೊ ಮಾಸ್?' ಇನ್ನೇನಾದರೂ? 'ನಾದಾ ಮಾಸ್.' ಇಷ್ಟು ಮಾತಿನಲ್ಲಿ ಸಂಖ್ಯೆ, ಅಳತೆ, ಗಂಡು ಹೆಣ್ಣು, ಬೇಕು ಬೇಡ ಎಲ್ಲ ಬಂದುಹೋಯಿತು. ದಿನಾ ಒಂದೇ ತರಕಾರಿ ತೆಗೆದುಕೊಳ್ಳಿ, ಆದರೆ ದಿನಾ ಹೋಗಿ.

ಎರಡರಿಂದ ಐದರವರೆಗೆ ಅಂಗಡಿಗಳು ಮುಚ್ಚಿರುತ್ತವೆ. ಊಟ, ವಿಶ್ರಾಂತಿ, ಮನೆಪಾಠ. ಸಂಜೆ ಕಾಸಾ ದೆ ಲಾಸ್ ಕೊಂಚಾಸ್‌ಗೆ ಹೋಗಿ. ಗೋಡೆ ತುಂಬಾ ಮುನ್ನೂರಕ್ಕೂ ಹೆಚ್ಚು ಕಲ್ಲಿನ ಚಿಪ್ಪುಗಳನ್ನು ಕೂರಿಸಿದ ಹಳೇ ಅರಮನೆ ಅದು. ಪ್ರವಾಸಿಗಳು ಹೊರಗೆ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಳಗಿರುವುದು ಸಾರ್ವಜನಿಕ ಗ್ರಂಥಾಲಯ. ಮಕ್ಕಳ ವಿಭಾಗದಿಂದ ಶುರು ಮಾಡಿ, ನಾಚಿಕೊಳ್ಳಬೇಡಿ. ಆಮೇಲೆ ಊರಿನ ದಿನಪತ್ರಿಕೆ ಲಾ ಗಸೇತಾ. ಊರ ಸುದ್ದಿ ಓದಿದರೆ ರಾತ್ರಿ ನೀವಿರುವ ಮನೆಯವರ ಜೊತೆ ಮಾತಿಗೆ ವಿಷಯ ಸಿಗುತ್ತದೆ.

ಮಾತಿನ ವಿನಿಮಯಕ್ಕೆ ಒಬ್ಬರನ್ನು ಹುಡುಕಲೇಬೇಕು. 'ಇಂತೆರ್ಕಾಂಬಿಯೊ' ಅನ್ನುತ್ತಾರೆ. ಅನಾಯಾ ಚೌಕದಲ್ಲಿ ಭಾಷಾ ವಿಭಾಗದ ಕಟ್ಟಡವಿದೆ, ಇಂಗ್ಲಿಷ್ ಕಲಿಯುವ ಸ್ಪೇನ್ ಹುಡುಗ ಹುಡುಗಿಯರು ಓದುವುದು ಅಲ್ಲೇ. ಸೂಚನಾ ಫಲಕದಲ್ಲಿ ಚೀಟಿ ಹಚ್ಚಿ. ನಮಗೆ ಇಂಗ್ಲಿಷ್ ಬರುತ್ತದಲ್ವಾ, ಅದಕ್ಕೆ ಅಲ್ಲಿ ಬೆಲೆಯಿದೆ. ಒಂದೇ ನಿಯಮ: ಅರ್ಧ ಗಂಟೆ ಸ್ಪ್ಯಾನಿಷ್, ಅರ್ಧ ಗಂಟೆ ಇಂಗ್ಲಿಷ್, ಗಡಿಯಾರ ನೋಡಿ. ಮೊದಲು ಸ್ಪ್ಯಾನಿಷ್. ಹಿಂದುಮುಂದಾದರೆ ಇಂಗ್ಲಿಷ್‌ನಲ್ಲೇ ಸಮಯ ಕಳೆದುಹೋಗುತ್ತದೆ.

ಭೇಟಿಗೆ ಜಾಗ ಹೇಳುವುದೂ ಬೇಕಾಗಿಲ್ಲ. ಪ್ಲಾಸಾ ಮಯೋರ್‌ನಲ್ಲಿ ಗಡಿಯಾರದ ಕೆಳಗೆ ಅಂದರೆ ಸಾಕು, ಊರಿನವರೆಲ್ಲ ಸೇರುವುದು ಅಲ್ಲೇ. 1729ರಿಂದ 1755ರವರೆಗೆ ಕಟ್ಟಿದ ಚೌಕ. ವಿಯಾಮಯೋರ್ ಕಲ್ಲು ಸಂಜೆ ಬಿಸಿಲಿಗೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಆರೇಳು ಗಂಟೆಗೆ ಜನ ಸುಮ್ನೆ ಸುತ್ತು ಹಾಕುತ್ತಾರೆ, ನೀವೂ ಹಾಕಿ, ಕಿವಿ ತೆರೆದುಕೊಂಡು. ಸ್ನೇಹಿತರು ವಾನ್ ಡೈಕ್ ಬೀದಿಗೆ ಪಿಂಚೊ, ಅಂದರೆ ಬಾರುಗಳಲ್ಲಿ ಕೊಡುವ ಸಣ್ಣ ತಿಂಡಿ, ತಿನ್ನಲು ಕರೆದರೆ ಹೋಗಿ. ಕುಡಿಯದವರು 'ಮೋಸ್ತೊ' ಕೇಳಿ, ದ್ರಾಕ್ಷಿ ರಸ, ಹೆಚ್ಚಿನ ಬಾರುಗಳಲ್ಲಿ ಇರುತ್ತದೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಮನೆಯವರು ಬಂದಾಗ ಊರು ತೋರಿಸುವ ಕೆಲಸ ನೀವೇ ಮಾಡಿ, ಅದೂ ಒಳ್ಳೆಯ ಅಭ್ಯಾಸ. ವಿಶ್ವವಿದ್ಯಾಲಯದ ಮುಖಮಂಟಪದ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಕಪ್ಪೆಯನ್ನು ಹುಡುಕಿಸಿ. ತಾನಾಗೇ ಕಂಡುಹಿಡಿದ ವಿದ್ಯಾರ್ಥಿ ಪಾಸಾಗುತ್ತಾನೆ ಅಂತ ನಂಬಿಕೆ. ಹೊಸ ಕೆಥೆಡ್ರಲ್ ಬಾಗಿಲಲ್ಲಿ ಗಗನಯಾತ್ರಿ ಇದ್ದಾನೆ, 1992ರ ಜೀರ್ಣೋದ್ಧಾರದಲ್ಲಿ ಕೆತ್ತಿದ್ದು. ಗೋಡೆಗಳ ಮೇಲೆ ಕೆಂಪಕ್ಷರದಲ್ಲಿ ಬರೆದ ಹೆಸರುಗಳು ಡಾಕ್ಟರೇಟ್ ಪಡೆದವರದ್ದು, ಹಿಂದೆ ಅದಕ್ಕೆ ಗೂಳಿಯ ರಕ್ತ ಬೆರೆಸುತ್ತಿದ್ದರು. ಇದನ್ನೆಲ್ಲ ಅಲ್ಲಿನ ಸ್ನೇಹಿತರೊಬ್ಬರಿಗೆ ಸ್ಪ್ಯಾನಿಷ್‌ನಲ್ಲಿ ಒಮ್ಮೆ ಹೇಳಿ ತೋರಿಸಿ, ಅವರು ತಿದ್ದಲಿ.

ಪರೀಕ್ಷೆ ಮತ್ತು ಆಮೇಲೆ

ಕೋರ್ಸ್ ಮುಗಿದಾಗ ಶಾಲೆ ಕೊಡುವ ಪ್ರಮಾಣಪತ್ರ ಕೆಲಸಕ್ಕೆ ಅಷ್ಟಾಗಿ ಬರುವುದಿಲ್ಲ. ಸ್ಪ್ಯಾನಿಷ್ ಎಷ್ಟು ಬರುತ್ತದೆ ಅಂತ ಅಳೆದು ಪ್ರಮಾಣಪತ್ರ ಕೊಡುವ ದೆಲೆ ಅಥವಾ ಸಿಯೆಲೆ ಪರೀಕ್ಷೆ ಬರೆಯಿರಿ. ದೆಲೆಗೆ ಮಟ್ಟ ನೀವೇ ಆರಿಸಬೇಕು, ಪಾಸಾದರೆ ಜೀವನಪೂರ್ತಿ ಚಾಲ್ತಿ. ಸಿಯೆಲೆ ಕಂಪ್ಯೂಟರ್‌ನಲ್ಲಿ, ಅಂಕ ಎಷ್ಟು ಬಂತೋ ಅಷ್ಟು ಮಟ್ಟ, ಐದು ವರ್ಷ ಚಾಲ್ತಿ. ಸಲಮಾಂಕಾ ವಿಶ್ವವಿದ್ಯಾಲಯ ಸಿಯೆಲೆ ನಡೆಸುವ ಸಂಸ್ಥೆಗಳಲ್ಲೊಂದು. ನಾಲ್ಕನೇ ಮಟ್ಟವಾದ ಬಿ2 ಖಂಡಿತ ಬರುತ್ತದೆ ಅನ್ನುವವರು ದೆಲೆ ಬರೆಯಲಿ, ಅನುಮಾನ ಇದ್ದರೆ ಸಿಯೆಲೆ. ಪರೀಕ್ಷೆಯನ್ನು ಅಲ್ಲಿಂದ ಹೊರಡುವ ಮುಂಚಿನ ವಾರಗಳಲ್ಲೇ ಬರೆದುಬಿಡಿ. ಊರಿಗೆ ಬಂದು ಓದಿಕೊಂಡು ಬರೆಯುತ್ತೇನೆ ಅಂದವರಲ್ಲಿ ಬರೆದವರು ಕಡಿಮೆ.

ಇಂತೆರ್ಕಾಂಬಿಯೊ ಸ್ನೇಹಿತರನ್ನು ಬಿಡಬೇಡಿ. ವಾರಕ್ಕೊಂದು ವಿಡಿಯೊ ಕರೆ ಗೊತ್ತುಮಾಡಿಕೊಳ್ಳಿ. ನಮ್ಮ ಭಾನುವಾರ ರಾತ್ರಿ ಎಂಟೂವರೆ ಅಲ್ಲಿ ಬೇಸಿಗೆಯಲ್ಲಿ ಸಂಜೆ ಐದು. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆಗಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ನಮ್ಮ ಎಂಟೂವರೆಗೆ ಅಲ್ಲಿ ನಾಲ್ಕು, ಹೆಚ್ಚಿನ ಮನೆಗಳಲ್ಲಿ ಭಾನುವಾರದ ಊಟವೇ ಮುಗಿದಿರುವುದಿಲ್ಲ. ಆ ತಿಂಗಳುಗಳಲ್ಲಿ ಕರೆಯನ್ನು ಒಂಬತ್ತೂವರೆಗೆ ಇಟ್ಟುಕೊಳ್ಳಿ.